ದುರ್ಯೋಧನನ ಶ್ರುತಿ ಯಾವ ಮನೆ?

ಸಂಕ್ರಾಂತಿ ಕಳೆದು ರಾಗಿ ಕಣದಿಂದ ಮನೆ ಸೇರಿತು ಅಂದರೆ ತುಮಕೂರು ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕದ ಕಾಲ. ಗುಬ್ಬಿ, ತುರುವೇಕೆರೆ, ಕುಣಿಗಲ್, ಕೊರಟಗೆರೆ ಕಡೆ ಊರ ಬಾಗಿಲಲ್ಲೆಲ್ಲ ಫ್ಲೆಕ್ಸ್ ಏಳುತ್ತೆ. ಅದರಲ್ಲಿ ದುರ್ಯೋಧನನ ಫೋಟೋ ದೊಡ್ಡದು, ಉದ್ಘಾಟಕರದ್ದು ಅದಕ್ಕಿಂತ ದೊಡ್ಡದು. ಹಾರ್ಮೋನಿಯಂ ಮೇಷ್ಟ್ರ ಹೆಸರು ಮಾತ್ರ ತಳದಲ್ಲಿ, ಸೀನರಿಯವರ ಫೋನ್ ನಂಬರಿನ ಪಕ್ಕ. ನನ್ನ ತಕರಾರು ಶುರುವಾಗೋದೇ ಅಲ್ಲಿಂದ.

ಜನಪ್ರಿಯ ಸಂಗೀತ ಅಂದ ಕೂಡಲೇ ಎಲ್ಲರೂ ಸಿನಿಮಾ ಹಾಡಿಗೆ ಹೋಗ್ತಾರೆ. ಸಿನಿಮಾ ಬರೋದಕ್ಕೂ ಮೊದಲೇ ಈ ಜಿಲ್ಲೆಯ ಬಾಯಲ್ಲಿದ್ದದ್ದು ಕಂಪನಿ ನಾಟಕದ ಮಟ್ಟುಗಳು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿಗೆಲ್ಲ ಪರಿಚಯ ಮಾಡಿಸಿದ ವೀರಣ್ಣನವರು ತೀರಿಕೊಂಡಿದ್ದು 1972ರಲ್ಲಿ. ಆ ಕಂಪನಿಯ ನೆರಳಲ್ಲಿ ಬೆಳೆದವರಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನಮ್ಮ ತಿಪಟೂರಿನ ನರಸಿಂಹರಾಜು ಎಲ್ಲರೂ ಇದ್ದಾರೆ. ರಾಜ್‌ಕುಮಾರ್ 1974ರಿಂದ ತಮ್ಮ ಹಾಡನ್ನ ತಾವೇ ಹಾಡತೊಡಗಿದಾಗ ಬೆರಗಾದವರುಂಟು. ಕಂಪನಿಯಲ್ಲಿ ಪದ್ಯ ಹೇಳಿ ಪಳಗಿದ ಗಂಟಲು ಅದು, ಬೆರಗೆಲ್ಲಿಯದು? ಮರಾಠಿ ರಂಗಭೂಮಿಯ ಮಟ್ಟು, ಪಾರ್ಸಿ ಮಟ್ಟು, ಕರ್ನಾಟಕ ಸಂಗೀತದ ರಾಗ ಎಲ್ಲ ಬೆರೆತ ಆ ಸಂಗೀತ ಇವತ್ತಿಗೂ ಉಸಿರಾಡ್ತಿರೋದು ಹಳ್ಳಿಯ ಪೌರಾಣಿಕ ನಾಟಕದಲ್ಲೇ. ಅದರ ಶ್ವಾಸಕೋಶ ಹಾರ್ಮೋನಿಯಂ.

ಈಗ ವಿಷಯಕ್ಕೆ ಬರ್ತೀನಿ. ನಾಟಕ ಕೆಟ್ಟಾಗ ‘ಕೀಬೋರ್ಡ್ ಬಂದು ಹಾಳಾಯ್ತು’ ಅಂತ ಹಿರಿಯರು ಗೊಣಗ್ತಾರೆ. ನನ್ನ ಪ್ರಕಾರ ಹತ್ತರಲ್ಲಿ ಎಂಟು ಸಲ ಕೆಡೋದು ಶ್ರುತಿ, ಅಂದರೆ ಪಾತ್ರಧಾರಿ ಹಾಡೋ ಆಧಾರ ಸ್ವರ, ನಿಗದಿ ಮಾಡದೇ ತಾಲೀಮು ಶುರು ಮಾಡಿದ್ದಕ್ಕೆ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳಿಸಬೇಕು ಅಂತ ಕಂಪನಿ ನಟರು ಏರು ಶ್ರುತಿಯಲ್ಲಿ ಹಾಡ್ತಿದ್ದರು. ಇವತ್ತು ತಲೆ ಮೇಲೆ ನಾಲ್ಕು ಮೈಕ್ ತೂಗಾಡ್ತಿದ್ದರೂ ‘ದುರ್ಯೋಧನ ಅಂದರೆ ಏರು ಶ್ರುತಿ’ ಅನ್ನೋ ಹಠ ಹೋಗಿಲ್ಲ. ಹಾರ್ಮೋನಿಯಂ ಕೀಗಳಿಗೆ ನಮ್ಮಲ್ಲಿ ‘ಮನೆ’ ಅಂತೀವಿ, ಬಿಳಿ ಒಂದು, ಕಪ್ಪು ಮೂರು ಅಂತ ಎಣಿಸ್ತೀವಿ. ಲೆಕ್ಕ ಹಾಕಿ ನೋಡಿ. ಷಡ್ಜ (ಸ) ಬಿಳಿ ಒಂದಕ್ಕಿದ್ದರೆ ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಪಂಚಮ (ಪ) ಸುಮಾರು 392 ಹರ್ಟ್ಸ್. ಕಪ್ಪು ಮೂರಕ್ಕಿಟ್ಟರೆ ಅದೇ ಪಂಚಮ 554 ಹರ್ಟ್ಸ್. ಹೊಲದಿಂದ ಬಂದು, ಎರಡು ತಿಂಗಳು ಕಲಿತು, ಗದೆ ಹೊತ್ತು, ಅರ್ಧ ಗಂಟೆ ಅಬ್ಬರಿಸಿ, ಆಮೇಲೆ ಪದ್ಯ ಎತ್ತೋ ಗಂಟಲಿಗೆ ಅದು ಆಗೋ ಮಾತಲ್ಲ.

ಸರಿಯಾಗಿ ನೋಡೋದು ಹೀಗೆ. ಪಾತ್ರಧಾರಿಯಿಂದ ಅವನ ಅತಿ ಜೋರಿನ ಸಂಭಾಷಣೆಯನ್ನ ಮೊದಲು ಹೇಳಿಸಿ. ಗಂಟಲು ಕಾದ ಮೇಲೆ ಅವನ ಪದ್ಯಗಳಲ್ಲಿ ಎಲ್ಲಕ್ಕಿಂತ ಮೇಲಕ್ಕೆ ಹೋಗೋ ಸಾಲು ಯಾವುದೋ ಅದನ್ನ ಹಾಡಿಸಿ. ನೋವಿಲ್ಲದೆ ನಿಂತ ಮನೆಗಿಂತ ಅರ್ಧ ಮನೆ, ಅಂದರೆ ಅರ್ಧ ಸ್ವರ, ಕೆಳಗೆ ಶ್ರುತಿ ಇಡಿ. ಆ ಅರ್ಧ ಮನೆ ಬೆಳಗಿನ ಜಾವ ಮೂರು ಗಂಟೆಯ ಖರ್ಚಿಗೆ. ಆಗ ನಿದ್ದೆಗೆಟ್ಟ ಗಂಟಲು ಇಳಿದೇ ಇಳಿಯುತ್ತೆ.

ಒಬ್ಬೊಬ್ಬರಿಗೆ ಒಂದೊಂದು ಶ್ರುತಿ ಇಟ್ಟರೆ ಹಾರ್ಮೋನಿಯಮ್ಮಿಗೆ ತೊಂದರೆ ಇಲ್ಲ, ಮೇಷ್ಟ್ರು ಬೆರಳು ಸರಿಸಿಕೊಳ್ತಾರೆ. ಕಷ್ಟ ತಬಲದವರಿಗೆ. ಇಲ್ಲೊಂದು ಹಳೇ ಉಪಾಯ ಇದೆ. ಸುಮಾರು 5 ಅಂಗುಲ ಬಾಯಿಯ ತಬಲವನ್ನ ಬಿಳಿ ಐದಕ್ಕೆ ಶ್ರುತಿ ಮಾಡಿ. ದ್ರೌಪದಿ ಬಿಳಿ ಐದರಲ್ಲೇ ಹಾಡಿದರೆ ಅದು ಷಡ್ಜ. ಕೃಷ್ಣ ಬಿಳಿ ಒಂದರಲ್ಲಿದ್ದರೆ ಅವನಿಗದು ಪಂಚಮ. ದುರ್ಯೋಧನ ಬಿಳಿ ಎರಡರಲ್ಲಿದ್ದರೆ ಮಧ್ಯಮ (ಮ). ಒಂದೇ ತಬಲದಲ್ಲಿ ಮೂವರ ಕೆಲಸ. ಆದರೆ ಕಣ್ಣುಮುಚ್ಚಿ ಮಾಡೋ ಹಾಗಿಲ್ಲ. ಮೋಹನ ರಾಗದಲ್ಲಿ ಮಧ್ಯಮವೇ ಇಲ್ಲ, ಹಾಗಾಗಿ ದುರ್ಯೋಧನನಿಗೆ ಮೋಹನದ ಹಾಡು ಕೊಟ್ಟರೆ ಪ್ರತಿ ಪೆಟ್ಟಿಗೂ ತಬಲ ಚುಚ್ಚುತ್ತೆ. ಹಿಂದೋಳದಲ್ಲಿ ಪಂಚಮವಿಲ್ಲ, ಅಲ್ಲಿ ಕೃಷ್ಣನಿಗೆ ಅದೇ ಗತಿ. ಒಂದೋ ಆ ಹಾಡಿನ ರಾಗ ಬದಲಿಸಬೇಕು, ಇಲ್ಲಾ ಪಕ್ಕದಲ್ಲಿ ಇನ್ನೊಂದು ತಬಲ ಇಟ್ಟುಕೊಳ್ಳಬೇಕು. ಅಷ್ಟೇ ಅಲ್ಲ, ಮಾಘ ಮಾಸದ ಮಂಜಿಗೆ ಚರ್ಮ ಸಡಿಲಾಗುತ್ತೆ, ಹಾರ್ಮೋನಿಯಮ್ಮಿನ ಹಿತ್ತಾಳೆ ರೀಡಿಗೆ ಆ ಬಾಧೆ ಇಲ್ಲ. ಹತ್ತು ಗಂಟೆಗೆ ಕೂಡಿದ್ದ ಶ್ರುತಿ ಎರಡು ಗಂಟೆಗೆ ಕೂಡಲ್ಲ. ಪ್ರತಿ ಪರದೆಗೂ ಸುತ್ತಿಗೆ ಎತ್ತದ ತಬಲದವರನ್ನ ಕಂಡರೆ ನನಗೆ ಭಯ.

ಕೀಬೋರ್ಡ್ ಬೇಡ ಅನ್ನೋನಲ್ಲ ನಾನು. ಹಾರ್ಮೋನಿಯಂ ಜೊತೆಗೆ ಕೂರಿಸೋದಾದರೆ ಎರಡನ್ನೂ ಮೊದಲು ಕೂಡಿಸಿ. ಕೀಬೋರ್ಡಿನ ಬಿಳಿ ಆರು 440 ಹರ್ಟ್ಸ್‌ಗೆ ಕಟ್ಟಿರುತ್ತೆ. ಹಳೇ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, 443ರಲ್ಲಿದ್ದರೆ ಎರಡನ್ನೂ ಒಟ್ಟಿಗೆ ಒತ್ತಿದಾಗ ಸೆಕೆಂಡಿಗೆ ಮೂರು ಸಲ ಅಲೆ ಎದ್ದ ಹಾಗೆ ಕೇಳುತ್ತೆ. ಪೆಟ್ಟಿಗೆಯ ಶ್ರುತಿಯನ್ನ ಆ ಹೊತ್ತಲ್ಲಿ ಬದಲಿಸೋಕಾಗಲ್ಲ. ಕೀಬೋರ್ಡಿನ ಮಾಸ್ಟರ್ ಟ್ಯೂನಿಂಗ್ ಏರಿಸಿ ಅಲೆ ನಿಲ್ಲೋತನಕ ಹೊಂದಿಸಿ, ಎರಡು ನಿಮಿಷದ ಕೆಲಸ. ಇನ್ನು ಶ್ರುತಿ ಸರಿಸೋ ಟ್ರಾನ್ಸ್‌ಪೋಸ್ ಬಟನ್ ಒತ್ತಿ ವಾಪಸ್ ಸೊನ್ನೆಗೆ ತರೋದನ್ನ ಮರೆತರೆ ಮುಂದಿನ ಸೀನಿನ ಪಾತ್ರಧಾರಿ ಬಾಯಿ ತೆಗೆದ ತಕ್ಷಣ ನಗೆಪಾಟಲು.

ತಾಳ ನುಡಿಸೋ ಎಲೆಕ್ಟ್ರಾನಿಕ್ ರಿದಂ ಪ್ಯಾಡಿನ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಹಾಡಿಗೆ ಇರಲಿ, ಕೇರ್ವಾ, ದಾದ್ರಾ ತಾಳ ಎಲ್ಲ ಪ್ಯಾಡಿನಲ್ಲಿ ಚೆನ್ನಾಗೇ ಬರುತ್ತೆ. ಪದ್ಯಕ್ಕೆ ಬೇಡ. ಕಂದ ಪದ್ಯದಲ್ಲಿ 12, 20, 12, 20 ಅಂತ ಒಟ್ಟು 64 ಮಾತ್ರೆ ಇರೋದು ನಿಜ, ಆದರೆ ಅದು ಬರವಣಿಗೆಯ ಲೆಕ್ಕ. ವೇದಿಕೆಯ ಮೇಲೆ ಪಾತ್ರಧಾರಿ ಒಂದು ಅಕ್ಷರವನ್ನ ಎಷ್ಟು ಹೊತ್ತು ಬೇಕಾದರೂ ಎಳೀತಾನೆ. ಚಂಪಕಮಾಲೆಯ ಸಾಲಿಗೆ 21 ಅಕ್ಷರ. ಯಾವ ಅಕ್ಷರದ ಮೇಲೆ ಉಸಿರು ತಗೋತಾನೆ ಅನ್ನೋದನ್ನ ಮೇಷ್ಟ್ರು ಅವನ ಮುಖ ನೋಡಿಯೇ ತಿಳೀಬೇಕು. ಪ್ಯಾಡಿನ ಲೂಪ್‌ಗೆ ಮುಖ ನೋಡೋಕೆ ಬರಲ್ಲ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ತೆಲುಗು ಪದ್ಯನಾಟಕದ ರುಚಿ ಹತ್ತಿದ ಜನ ಕೂತಿರ್ತಾರೆ, ಪದ್ಯದ ತುದಿಯ ಆಲಾಪಕ್ಕೇ ಒನ್ಸ್ ಮೋರ್ ಕೂಗೋರು. ಅವರ ಮುಂದೆ ಲೂಪ್ ಹಾಕಿ ನೋಡಿ, ಗೊತ್ತಾಗುತ್ತೆ.

ಸೌಂಡಿನವರಿಗೂ ಒಂದು ಮಾತು. ಹಾರ್ಮೋನಿಯಂ ಧ್ವನಿ ಊರಾಚೆಯ ಕೆರೆ ಏರಿಗೆ ಕೇಳಿಸುತ್ತೆ, ವೇದಿಕೆ ಮೇಲೆ ನಿಂತವನಿಗೆ ಕೇಳಿಸಲ್ಲ. ಅವನು ಕೇಳಿಸಿಕೊಳ್ಳೋದು ನೂರಡಿ ಆಚೆಯ ಬಾಕ್ಸಿನದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗೋದರಿಂದ, 34 ಮೀಟರ್ ದೂರದ್ದು ಅವನ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತೆ. ತಾಳ ತಪ್ಪಿದ ಅಂತ ಅವನನ್ನ ಬೈದರೆ ಏನು ಬಂತು? ವೇದಿಕೆಗೆ ಮುಖ ಮಾಡಿ ಒಂದು ಸಣ್ಣ ಮಾನಿಟರ್ ಸ್ಪೀಕರ್ ಇಡಿ, ಅದಕ್ಕೆ ಹಾರ್ಮೋನಿಯಂ ಮಾತ್ರ ಕೊಡಿ. ಧ್ವನಿಯನ್ನೂ ಸೇರಿಸಿದರೆ ತೂಗು ಮೈಕ್ ಕುಯ್ಯೋ ಅಂತ ಕೂಗುತ್ತೆ. ಪೆಟ್ಟಿಗೆಯ ಮೈಕ್ ಮನೆಗಳ ಮೇಲೆ ಒಂದು ಗೇಣು ಎತ್ತರದಲ್ಲಿರಲಿ, ತಿದಿಯ ಕಡೆ ಇಟ್ಟರೆ ರಾತ್ರಿಯೆಲ್ಲ ಕಿರುಗುಟ್ಟೋದೇ ಕೇಳಬೇಕು. ಎಕೋ ಪದ್ಯಕ್ಕೆ ಒಂಚೂರು, ಸಂಭಾಷಣೆಗೆ ಸೊನ್ನೆ. ಉದ್ದುದ್ದ ಸಮಾಸಗಳ ಮಾತಿಗೆ ಎಕೋ ಹಾಕಿದರೆ ಶಕುನಿ ಏನು ಹೇಳಿದ ಅನ್ನೋದು ಶಕುನಿಗೂ ತಿಳಿಯಲ್ಲ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ರಾಜ್ಯ ಸರ್ಕಾರ 12ರವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಇದನ್ನ ಬೈಯೋರೇ ಹೆಚ್ಚು. ನನಗೆ ಇದರಲ್ಲಿ ಲಾಭವೂ ಕಾಣುತ್ತೆ. ಸಂಜೆ ಬೇಗ ಶುರು ಮಾಡಿದರೆ ಗಂಟಲೂ ಉಳಿಯುತ್ತೆ, ತಬಲದ ಚರ್ಮವೂ ಉಳಿಯುತ್ತೆ. ಉದ್ಘಾಟನೆಯ ಭಾಷಣವೊಂದನ್ನ ಕಿತ್ತು ಹಾಕಿದರೆ ಒಂದು ಗಂಟೆ ಅಲ್ಲೇ ಸಿಕ್ಕಿತು!

ಕೊನೆಗೆ ಪೆಟ್ಟಿಗೆಯ ಆರೈಕೆ. ಮಳೆಗಾಲ ಪೂರ್ತಿ ಅಟ್ಟದ ಮೇಲೆ ಬಿಸಾಕಿ ಜನವರಿಯಲ್ಲಿ ತೆಗೆದರೆ ಇಲಿ ತಿದಿಯನ್ನ ಕಡಿದಿರುತ್ತೆ, ಗಾಳಿ ಸೋರಿ ಮೇಷ್ಟ್ರ ತೋಳು ಬಿದ್ದು ಹೋಗುತ್ತೆ. ಒಂದು ಸ್ವರ ಉಲಿಯದೇ ಇದ್ದರೆ ಹೆಚ್ಚಾಗಿ ರೀಡಿಗೆ ಸಿಕ್ಕ ಧೂಳೇ ಕಾರಣ. ತೆಳು ಕಾಗದವನ್ನ ನಾಲಿಗೆಯ ಅಡಿ ಮೆಲ್ಲಗೆ ಹಾಯಿಸಿ ತೆಗೀಬೇಕು, ಮೊಳೆ ಹಾಕಿ ಕೆದಕಬಾರದು. ರೀಡಿನ ತುದಿ ಕೆರೆದರೆ ಸ್ವರ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ. ಕೆರೆದ ಹಿತ್ತಾಳೆ ವಾಪಸ್ ಅಂಟಲ್ಲ, ಕೈ ಪಳಗಿದವರಿಗೇ ಬಿಡಿ. ಈ ಸಲ ತಾಲೀಮಿಗೆ ಕೂರೋ ಮಂಡಳಿಯವರು ಮೊದಲ ದಿನವೇ ಒಂದು ಚೀಟಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ: ಕೃಷ್ಣ ಬಿಳಿ ಒಂದು, ದುರ್ಯೋಧನ ಬಿಳಿ ಎರಡು, ದ್ರೌಪದಿ ಬಿಳಿ ಐದು. ಮೇಷ್ಟ್ರು ಕೊನೇ ಗಳಿಗೆಯಲ್ಲಿ ಬದಲಾದರೂ ಬಂದವರು ಮುಚ್ಚಳ ತೆಗೆದು ನೋಡ್ಕೋತಾರೆ.