ಆಶ್ರಯ ಕೊಟ್ವಿ ಅನ್ನೋರು ಈ ಕಾದಂಬರಿ ಓದ್ಬೇಕು

ಬೆಂಗಳೂರಿಗೆ ಹೋದಾಗ ಯಹೂದಿಗಳ ವಿಷ್ಯ ಬಂದ್ರೆ ನಮ್ಮೋರು ಒಂದೇ ಡೈಲಾಗ್ ಹೊಡೀತಾರೆ, ಜಗತ್ತೆಲ್ಲ ಓಡಿಸಿದಾಗ ನಾವು ಜಾಗ ಕೊಟ್ವಿ ಅಂತ. ನಾನಿರೋ ಮುಂಬೈಲೂ ಅದೇ ಮಾತು, ಇಲ್ಲಿ ಯಹೂದಿ ಮನೆತನದ ಹೆಸರಿರೋ ಸಸೂನ್ ಡಾಕ್, ಕಾಲಾ ಘೋಡಾದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಎಲ್ಲಾ ಕಣ್ಣೆದುರಿಗೇ ಇರೋದ್ರಿಂದ ಜಂಬ ಸ್ವಲ್ಪ ಜಾಸ್ತಿ ಅಷ್ಟೇ. ಪೂರ್ತಿ ಸುಳ್ಳಲ್ಲ ಬಿಡಿ. ಆದ್ರೆ ಅನಿತಾ ದೇಸಾಯಿ ಅವರ 'ಬೌಮ್‌ಗಾರ್ಟ್ನರ್ಸ್ ಬಾಂಬೆ' (1988) ಓದಿದ್ಮೇಲೆ ಈ ಮಾತು ಕೇಳ್ಕೊಂಡು ಸುಮ್ನಿರಕ್ಕೆ ನಂಗಾಗಲ್ಲ.

ಹ್ಯೂಗೋ ಅಂತ ಬರ್ಲಿನ್ ಹುಡುಗ, ಅಪ್ಪಂದು ಫರ್ನಿಚರ್ ಅಂಗಡಿ, ನಾಜಿಗಳ ಕಾಟದಲ್ಲಿ ಅಂಗಡೀನೂ ಹೋಯ್ತು ಅಪ್ಪನೂ ಹೋದ, ಅಮ್ಮನ್ನ ಅಲ್ಲೇ ಬಿಟ್ಟು ಇವ್ನು ಹಡಗು ಹತ್ತಿ ಕಲ್ಕತ್ತಾಕ್ಕೆ ಬರ್ತಾನೆ. ಬಚಾವಾದ ಅನ್ನೋಷ್ಟರಲ್ಲಿ ಯುದ್ಧ ಶುರು, ನೀನು ಜರ್ಮನ್, ಶತ್ರು ದೇಶದೋನು, ನಡಿ ಕ್ಯಾಂಪಿಗೆ ಅಂತ ಬ್ರಿಟಿಷರು ಎಳ್ಕೊಂಡು ಹೋಗ್ತಾರೆ. ನಾನು ಯಹೂದಿ, ಅವ್ರಿಂದ್ಲೇ ಓಡಿ ಬಂದೋನು ಅಂದ್ರೆ ಕೇಳೋರ್ಯಾರು, ಪಾಸ್‌ಪೋರ್ಟ್ ಜರ್ಮನ್ ತಾನೆ. ಆರು ವರ್ಷ ಮುಳ್ಳುತಂತಿ ಒಳಗೆ, ಅದೂ ಹಿಟ್ಲರ್‌ಗೆ ಜೈ ಅನ್ನೋರ ಜೊತೇಲೇ. ಅಮ್ಮನ ಕಾರ್ಡ್‌ಗಳು ಬರೋದು ಒಂದಿನ ನಿಂತ್ಹೋಗತ್ತೆ. ದೇಸಾಯಿ ಅಲ್ಲಿ ನಮ್ಮನ್ನ ಅಳಿಸಕ್ಕೆ ಹೋಗಲ್ಲ, ಅದಕ್ಕೇ ಜಾಸ್ತಿ ತಟ್ಟೋದು. (ಕೊನೇಲಿ ಹಿಪ್ಪಿ ಹುಡುಗ ಬಂದು ಮಾಡೋ ಕೆಲಸ ಮಾತ್ರ ನಂಗೆ ಬಲವಂತ ಅನ್ನಿಸ್ತು.)

ಜರ್ಮನ್ ಲೇಖಕಿ ಅನ್ನಾ ಸೆಗರ್ಸ್ ಅವರ ಕಾದಂಬರಿ 'ಟ್ರಾನ್ಸಿಟ್' ಇನ್ನೊಂಥರ. ನಾಜಿಗಳಿಂದ ಓಡ್ತಾ ಫ್ರಾನ್ಸಿನ ಮಾರ್ಸೇಲ್ಸ್ ಬಂದರಲ್ಲಿ ಸಿಕ್ಕಾಕೊಂಡಿರೋ ಜನ, ಒಂದು ವೀಸಾ ಸಿಗೋಷ್ಟರಲ್ಲಿ ಇನ್ನೊಂದು ಎಕ್ಸ್‌ಪೈರ್. ಸೆಗರ್ಸೇ 1941ರಲ್ಲಿ ಅಲ್ಲಿಂದ ತಪ್ಪಿಸ್ಕೊಂಡು ಮೆಕ್ಸಿಕೋಗೆ ಹೋದೋರು. ಸೆಗರ್ಸ್ ಕಥೇಲಿ ಹೊರಗೆ ಹೋಗಕ್ಕೇ ಒದ್ದಾಟ, ದೇಸಾಯಿ ಕಥೇಲಿ ಹೊರಗೆ ಬಂದ್ಮೇಲೇ ಬಾಗ್ಲು ಹಾಕ್ತಾರೆ.

ಕ್ಯಾಂಪ್‌ಗಳು ಬರೀ ಕಥೆ ಅಲ್ಲ. ಡೆಹ್ರಾಡೂನ್, ಅಹ್ಮದ್‌ನಗರ, ಸತಾರಾ, ಪುರಂದರ. ನಮ್ಮ ಮುಂಬೈ ಹುಡುಗ್ರು ಟ್ರೆಕ್ಕಿಂಗ್ ಹೋಗ್ತಾರಲ್ಲ, ಅದೇ ಪುರಂದರ ಕೋಟೆ. ವಿಚಾರಣೆ ಮಾಡಿ ಎಷ್ಟೋ ಯಹೂದಿಗಳನ್ನ ಬಿಟ್ರು ಅನ್ನೋದನ್ನೂ ಹೇಳ್ಬೇಕು, ಎಲ್ರದ್ದೂ ಹ್ಯೂಗೋ ಪಾಡಾಗಿರ್ಲಿಲ್ಲ.

ಅದು ಬ್ರಿಟಿಷರು ಮಾಡಿದ್ದು, ನಾವಲ್ಲ ಅಂತೀರಾ? ಹಾಗಾದ್ರೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟನ್ನೇ (ಐಐಎಸ್‌ಸಿ) ತಗೊಳ್ಳಿ. ಯಹೂದಿ ಅಂತ ಜರ್ಮನಿ ಕೆಲಸದಿಂದ ಕಿತ್ತಾಕಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಅಲ್ಲಿಗೆ ಬಂದ್ರು, ಪರ್ಮನೆಂಟ್ ಮಾಡ್ಕೊಳ್ಳೋಣ ಅಂತ ಆಗ ಅಲ್ಲಿ ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್ ಒದ್ದಾಡಿದ್ರು, ಒಳಗಿನೋರೇ ಅಡ್ಡ ಬಂದ್ರು. ಬಾರ್ನ್ ಎಡಿನ್‌ಬರೋಗೆ ಹೋದ್ರು, 1954ರಲ್ಲಿ ನೊಬೆಲ್ ಬಂತು. ಇದನ್ನ ಆ ಡೈಲಾಗ್ ಜೊತೆ ಯಾರೂ ಸೇರ್ಸಲ್ಲ.

ಬಾರ್ನ್ ಅವರ ಸಂಬಂಧಿ ಆಟೋ ಕೋನಿಗ್ಸ್‌ಬರ್ಗರ್, ಬರ್ಲಿನ್ ಆರ್ಕಿಟೆಕ್ಟ್, ಅವರಿಗೆ ಮಾತ್ರ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1939ರಲ್ಲಿ ಮೈಸೂರು ಸರ್ಕಾರದಲ್ಲಿ ಕೆಲಸ ಸಿಕ್ತು, ಬೆಂಗಳೂರಲ್ಲಿ ಕಟ್ಟಡಗಳನ್ನ ಕಟ್ಟಿದ್ರು, ಸ್ವಾತಂತ್ರ್ಯ ಬಂದ್ಮೇಲೆ ದಿಲ್ಲಿಗೆ ಹೋಗಿ ದೇಶ ವಿಭಜನೆಯಾದಾಗ ಓಡಿ ಬಂದೋರಿಗೆ ವಸತಿ ಮಾಡ್ಸೋ ಜವಾಬ್ದಾರಿ ಹೊತ್ರು. ಕನ್ನಡದಲ್ಲಿ ಕಾದಂಬರಿ ಬರೆಯೋರು ಯಾರಾದ್ರೂ ಇವರ ಕಥೆ ಎತ್ಕೊಳ್ಳಿ, ಆದ್ರೆ ದಿವಾನರನ್ನ ದೇವ್ರು ಮಾಡಕ್ಕೆ ಹೋಗ್ಬೇಡಿ, ಬಾರ್ನ್‌ಗೆ ಬೇಡ ಅಂದೋರಿಗೂ ಅದ್ರಲ್ಲಿ ಒಂದು ಅಧ್ಯಾಯ ಇರ್ಲಿ.