ಮೊದಲು ಕ್ಯಾಲೆಂಡರ್, ಆಮೇಲೆ ಖರೀದಿ

ಪ್ರೊ ಸೈಕ್ಲಿಂಗ್ ಮ್ಯಾನೇಜರ್ ಆಡುವ ನಮ್ಮ ಬೆಂಗಳೂರಿನ ಚಿಕ್ಕ ಗುಂಪಿನಲ್ಲಿ, ಯಾರದೇ ಸೀಸನ್ ಮುಗಿದರೂ ಎರಡು ಪ್ರಶ್ನೆ ಬಂದೇ ಬರುತ್ತವೆ. "ಎಷ್ಟು ಗೆದ್ದೆ? ಮುಂದಿನ ವರ್ಷಕ್ಕೆ ಯಾರನ್ನ ತಗೊಳ್ತೀಯ?" ಮೊದಲನೆಯದಕ್ಕೆ ಉತ್ತರ ಹೇಳಿ ಮುಗಿಸುವ ಮೊದಲೇ ಎಲ್ಲರೂ ಎರಡನೆಯದಕ್ಕೆ ಹಾರಿರುತ್ತಾರೆ. ಈ ಎರಡರ ನಡುವೆ ಒಂದು ಪ್ರಶ್ನೆ ತಪ್ಪಿಹೋಗುತ್ತಿದೆ ಅನ್ನುವುದು ನನ್ನ ತಕರಾರು. ತಂಡದಲ್ಲಿ ಯಾರು, ಯಾವಾಗ, ಯಾಕೆ ದಣಿದರು? ಇದಕ್ಕೆ ಉತ್ತರ ಗೊತ್ತಿಲ್ಲದೆ ಮಾಡುವ ಖರೀದಿಯೆಲ್ಲ ಕುರುಡು ಖರೀದಿ.

ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾನ್ಸಿನ ಸಯನೈಡ್ ಸ್ಟುಡಿಯೊ 2001ರಿಂದ ಮಾಡಿಕೊಂಡು ಬಂದಿರುವ ಆಟ ಇದು. ನೀವು ಒಂದು ವೃತ್ತಿಪರ ಸೈಕ್ಲಿಂಗ್ ತಂಡದ ಮ್ಯಾನೇಜರ್. ರೈಡರ್‌ಗಳ ಒಪ್ಪಂದ, ಸಂಬಳ, ತರಬೇತಿ, ಯಾವ ರೇಸಿಗೆ ಯಾರು ಅನ್ನುವುದೆಲ್ಲ ನಿಮ್ಮ ಕೈಯಲ್ಲಿ. ಪ್ರತಿ ರೈಡರ್‌ಗೂ ಬೆಟ್ಟ, ದಿಣ್ಣೆ, ಸಮತಟ್ಟು, ಸ್ಪ್ರಿಂಟ್, ಟೈಮ್ ಟ್ರಯಲ್, ಕಲ್ಲು ಹಾಸಿನ ದಾರಿ, ಚೇತರಿಕೆ ಹೀಗೆ ಬೇರೆ ಬೇರೆ ಅಂಕಗಳಿವೆ. ಸ್ಪಾನ್ಸರ್ ಗುರಿ ಕೊಡುತ್ತಾನೆ. ಗುರಿ ಮುಟ್ಟಿದರೆ ದುಡ್ಡು, ಇಲ್ಲದಿದ್ದರೆ ಕಷ್ಟ.

ನನ್ನ ತಂಡ ಎರಡನೇ ದರ್ಜೆಯದು, ಪ್ರೊ ಟೀಮ್. ಈ ಸೀಸನ್‌ನಲ್ಲಿ ಸ್ಪಾನ್ಸರ್ ಕೇಳಿದ್ದು ಮುಖ್ಯವಾಗಿ ಎರಡು. ದೊಡ್ಡ ಪ್ರವಾಸ (ಮೂರು ವಾರದ ರೇಸ್) ಒಂದರಲ್ಲಿ ಒಂದು ಸ್ಟೇಜ್, ಅಂದರೆ ಒಂದು ದಿನದ ಓಟದ ಗೆಲುವು, ಅದೇ ರೇಸಿನ ಒಟ್ಟಾರೆ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಒಂದು ಸ್ಥಾನ. ಸ್ಟೇಜ್ ಬಂತು. ಚೆನ್ನಾಗಿಯೇ ಬಂತು, ಬ್ರೇಕ್‌ಅವೇನಲ್ಲಿ, ಅಂದರೆ ಗುಂಪು ಬಿಟ್ಟು ಮುಂದೆ ಓಡಿದವರ ಜೊತೆ ಹೋದ ನಮ್ಮ ದಿಣ್ಣೆ ಹುಡುಗ ಕೊನೆಯ ಏರಿನಲ್ಲಿ ಒಬ್ಬನೇ ಹೊರಟುಹೋದ. ಮೊದಲ ಹತ್ತು ಬರಲಿಲ್ಲ. ನಮ್ಮ ಲೀಡರ್, ಅಂದರೆ ಉಳಿದವರೆಲ್ಲ ಯಾರಿಗಾಗಿ ಎಳೆಯುತ್ತಾರೋ ಆ ಮುಖ್ಯ ರೈಡರ್, ಎರಡನೇ ವಾರದವರೆಗೆ ಪಟ್ಟಿಯ ಮೇಲುಭಾಗದಲ್ಲೇ ಇದ್ದ, ಮೂರನೇ ವಾರದಲ್ಲಿ ದಿನಕ್ಕಿಷ್ಟು ಅಂತ ಜಾರಿದ.

ಗೆಳೆಯರ ಸಲಹೆ ತಕ್ಷಣ ಬಂತು. ಲೀಡರ್ ಸಾಲದು, ಅವನನ್ನು ಬಿಟ್ಟು ಬೆಟ್ಟದ ಅಂಕ ಇನ್ನೂ ಜಾಸ್ತಿ ಇರುವವನನ್ನು ತಾ.

ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಸೀಸನ್ ಮುಗಿದ ಮೇಲೆ ನಾನು ಮೊದಲು ತೆರೆಯುವುದು ರೇಸ್ ದಿನಗಳ ಕಾಲಂ. ಯಾರು ಎಷ್ಟು ದಿನ ಓಡಿಸಿದ್ದಾರೆ, ಯಾವ ತಿಂಗಳಲ್ಲಿ. ಆಮೇಲೆ ಬೆಟ್ಟದ ಸ್ಟೇಜ್‌ಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು ಒಂದೇ ವಿಷಯ ಬರೆದುಕೊಳ್ಳುತ್ತೇನೆ. ಕೊನೆಯ ಏರಿನ ಬುಡಕ್ಕೆ ಬಂದಾಗ ಲೀಡರ್ ಜೊತೆ ನಮ್ಮವರು ಎಷ್ಟು ಜನ ಉಳಿದಿದ್ದರು? ಮೊದಲ ವಾರದಲ್ಲಿ ಯಾವಾಗಲೂ ಯಾರೋ ಒಬ್ಬಿಬ್ಬರು ಇದ್ದರು. ಮೂರನೇ ವಾರದಲ್ಲಿ ಯಾರೂ ಇಲ್ಲ. ಅವನೊಬ್ಬನೇ. ಎದುರಾಳಿ ಜಿಗಿದಾಗ ಅಂತರ ಮುಚ್ಚುವುದೂ ಅವನೇ, ಕಣಿವೆಯ ಗಾಳಿಗೆ ಎದೆ ಕೊಡುವುದೂ ಅವನೇ.

ಅವನ ಸಹಾಯಕರು ಎಲ್ಲಿ ಹೋದರು? ಕಾಲಂನಲ್ಲಿ ಉತ್ತರ ಇತ್ತು. ಬೆಟ್ಟದಲ್ಲಿ ಎಳೆಯಬೇಕಾದ ಇಬ್ಬರೂ ವಸಂತಕಾಲದ ಸಣ್ಣ ಸ್ಟೇಜ್ ರೇಸ್‌ಗಳಲ್ಲೆಲ್ಲ ಓಡಿಸಿದ್ದರು. ಅಲ್ಲಿ ಕಳಿಸಲು ತಂಡದಲ್ಲಿ ಬೇರೆ ಯಾರೂ ಇರಲಿಲ್ಲ. ದೊಡ್ಡ ಪ್ರವಾಸ ಶುರುವಾಗುವಾಗ ಅವರ ಫಾರ್ಮ್ ಇಳಿಮುಖ, ದಣಿವು ಮೇಲ್ಮುಖ. ಹೊಸ ಲೀಡರ್ ಬಂದಿದ್ದರೂ ಮೂರನೇ ವಾರದಲ್ಲಿ ಅವನೂ ಒಬ್ಬಂಟಿಯೇ ಆಗುತ್ತಿದ್ದ. ಸಂಬಳ ಮಾತ್ರ ದುಪ್ಪಟ್ಟು.

ಸೈಕಲ್ ರೇಸ್ ತಂಡದ ಆಟ ಅನ್ನುವುದನ್ನು ನಾವು ಬಾಯಲ್ಲಿ ಹೇಳುತ್ತೇವೆ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಹೋಗುವವರಿಗೆ ಅದು ಕಾಲಿನಿಂದಲೇ ಗೊತ್ತಿರುತ್ತದೆ. ದೇವನಹಳ್ಳಿ ಕಡೆಯ ಬಯಲಿನಲ್ಲಿ ಎದುರುಗಾಳಿ ಬೀಸಿದರೆ ಮುಂದಿನವನ ಹಿಂಚಕ್ರಕ್ಕೆ ಅಂಟಿಕೊಂಡೇ ಹೋಗಬೇಕು. ಹಾಗೆ ಹೋದರೆ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಬೆಟ್ಟ ಹತ್ತುವಾಗ ವೇಗ ಕಡಿಮೆ, ಹಾಗಾಗಿ ಈ ಲಾಭವೂ ಕಡಿಮೆ. ಆದರೆ ಬುಡಕ್ಕೆ ತಲುಪುವಾಗ ಕಾಲಿನಲ್ಲಿ ಎಷ್ಟು ಉಳಿದಿದೆ ಅನ್ನುವುದು ಬಯಲಿನಲ್ಲಿ ಯಾರು ನಿಮ್ಮನ್ನು ಎಳೆದರು ಅನ್ನುವುದರ ಮೇಲಿದೆ. 1,478 ಮೀಟರ್ ಎತ್ತರದ ನಂದಿಗೇ ಹೀಗಾದರೆ, ಒಂದರ ಹಿಂದೊಂದು ಆಲ್ಪ್ಸ್ ಏರು ದಾಟಿ ಕೊನೆಗೆ ಆಲ್ಪ್ ಡುಯೆಜ್‌ನ 13.8 ಕಿಲೋಮೀಟರ್, 21 ತಿರುವುಗಳ ಕಥೆ ಏನು? ಗೇಮ್ ಇದನ್ನು ನಿಜಕ್ಕೂ ಚೆನ್ನಾಗಿ ಲೆಕ್ಕ ಹಾಕುತ್ತದೆ. ಒಬ್ಬನಿಗೆ 'ಪ್ರೊಟೆಕ್ಟ್', ಅಂದರೆ ಲೀಡರ್‌ನನ್ನು ಕಾಪಾಡು ಅಂತ ಆದೇಶ ಕೊಟ್ಟು ನೋಡಿ, ಕೊಡದೆ ನೋಡಿ. ಲೀಡರ್‌ನ ಶಕ್ತಿಯ ಪಟ್ಟಿಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ನಿಜವಾದ ಸೈಕ್ಲಿಂಗ್‌ನಲ್ಲಿ ಇದಕ್ಕೆ ಸೆಪ್ ಕುಸ್‌ಗಿಂತ ಒಳ್ಳೆಯ ಉದಾಹರಣೆ ಸಿಗಲ್ಲ. 2023ರಲ್ಲಿ ಯುಂಬೊ-ವಿಸ್ಮಾ ತಂಡ ಮೂರೂ ದೊಡ್ಡ ಪ್ರವಾಸಗಳನ್ನು ಗೆದ್ದಿತು. ಇಟಲಿಯ ಜಿರೊ ಗೆದ್ದವನು ರೊಗ್ಲಿಚ್, ಫ್ರಾನ್ಸಿನ ಟೂರ್ ಗೆದ್ದವನು ವಿಂಗೆಗೋರ್, ಸ್ಪೇನಿನ ವುವೆಲ್ಟಾ ಗೆದ್ದವನು ಕುಸ್. ಆ ತಂಡದಲ್ಲಿ ಈ ಮೂರೂ ರೇಸ್‌ಗಳಲ್ಲಿ ಓಡಿಸಿದವನು ಕುಸ್ ಒಬ್ಬನೇ. ಮೊದಲೆರಡರಲ್ಲಿ ಲೀಡರ್‌ಗಳನ್ನು ಬೆಟ್ಟದ ಮೇಲೆ ಎಳೆದ. ಮೂರನೆಯದರಲ್ಲಿ ಆರನೇ ಸ್ಟೇಜ್ ಬ್ರೇಕ್‌ಅವೇನಲ್ಲಿ ಗೆದ್ದು ಸಮಯ ಗಳಿಸಿದ, ಎಂಟನೇ ಸ್ಟೇಜ್‌ನಲ್ಲಿ ಮುನ್ನಡೆಯಲ್ಲಿರುವವನ ಕೆಂಪು ಜೆರ್ಸಿ ತೊಟ್ಟ, ಕೊನೆಯವರೆಗೂ ಬಿಡಲಿಲ್ಲ. ಅಂಥ ಒಬ್ಬ ಸಹಾಯಕ ಎಷ್ಟು ಬೆಲೆ ಬಾಳುತ್ತಾನೆ? ನಮ್ಮ ಗುಂಪಿನಲ್ಲಿ ಹೆಚ್ಚಿನವರು ಅಂಥವನನ್ನು 'ಗೆಲುವಿಲ್ಲದ ರೈಡರ್' ಅಂತ ಮಾರುಕಟ್ಟೆಗೆ ಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರು.

ಇನ್ನು ಪಾಯಿಂಟ್ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಇಡೀ ವಾದ ನಿಂತಿರುವುದೇ ಇದರ ಮೇಲೆ.

ವರ್ಲ್ಡ್ ಟೂರ್‌ನಲ್ಲಿ, ಅಂದರೆ ಮೊದಲನೇ ದರ್ಜೆಯಲ್ಲಿ 18 ತಂಡಗಳಿಗೆ ಜಾಗ. ಮೂರು ವರ್ಷದ ಪಾಯಿಂಟ್ ಕೂಡಿಸಿ ಯಾರು ಉಳಿಯಬೇಕು, ಯಾರು ಇಳಿಯಬೇಕು ಅಂತ ತೀರ್ಮಾನ. ಮೊದಲು ತಂಡದ ಅತ್ಯುತ್ತಮ 10 ರೈಡರ್‌ಗಳ ಪಾಯಿಂಟ್ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. 2023ರಿಂದ 20 ರೈಡರ್‌ಗಳ ಪಾಯಿಂಟ್ ಬರುತ್ತದೆ. ಅಂದರೆ ಹನ್ನೊಂದನೆಯವನಿಂದ ಇಪ್ಪತ್ತನೆಯವನವರೆಗೆ ಎಲ್ಲರೂ ಈಗ ಲೆಕ್ಕದ ಜನ. ಇನ್ನೊಂದು ನೋಡಿ. 2023ರಿಂದ 2025ರವರೆಗಿನ ಲೆಕ್ಕದಲ್ಲಿ ಟೂರ್ ಡಿ ಫ್ರಾನ್ಸ್‌ನ ಒಂದು ಸ್ಟೇಜ್ ಗೆದ್ದರೆ 210 ಪಾಯಿಂಟ್. ಟಿವಿಯಲ್ಲಿ ಯಾರೂ ನೋಡದ, 1.1 ದರ್ಜೆಯ ಒಂದು ದಿನದ ರೇಸ್ ಗೆದ್ದರೆ 125. ಅಂಥ ಎರಡು ಗೆದ್ದರೆ ಟೂರ್ ಸ್ಟೇಜ್‌ಗಿಂತ ಜಾಸ್ತಿ!

ಅಸ್ತಾನಾ ತಂಡದ ಕಥೆ ಇಲ್ಲೇ ಬರುತ್ತದೆ. 2024ರ ಜುಲೈ 3ರಂದು ಸೇಂಟ್-ವುಲ್ಬಾದಲ್ಲಿ ಅವರ ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಷ್ ತನ್ನ 35ನೇ ಟೂರ್ ಸ್ಟೇಜ್ ಗೆದ್ದು ಎಡ್ಡಿ ಮರ್ಕ್ಸ್ ದಾಖಲೆ ಮುರಿದ. ನಮ್ಮಲ್ಲಿ ರಾತ್ರಿ ಊಟದ ಹೊತ್ತು. ಅಂಥ ಕ್ಷಣ ಇನ್ನೊಮ್ಮೆ ನೋಡುತ್ತೇನೋ ಇಲ್ಲವೋ, ಅದರ ಬೆಲೆ ಕಡಿಮೆ ಮಾಡುವ ಮಾತೇ ಇಲ್ಲ. ಆದರೆ ಅದೇ ವರ್ಷದ ಕೊನೆಗೆ ಅಸ್ತಾನಾ ಮೊದಲ 18ರ ಹೊರಗಿತ್ತು, ಅದೂ ದೊಡ್ಡ ಅಂತರದಲ್ಲಿ. ಮುಂದಿನ ವರ್ಷ ಅವರು ಏನು ಮಾಡಿದರು? ಹೊಸ ಸ್ಪಾನ್ಸರ್ ದುಡ್ಡು ಬಂತು, ನಿಜ. ಅದರಲ್ಲಿ ಒಬ್ಬ ಮಹಾತಾರೆಯನ್ನು ತರುವ ಬದಲು ಪಾಯಿಂಟ್ ತರುವ ರೈಡರ್‌ಗಳನ್ನು ಗುಂಪಾಗಿ ತಂದರು. ಎಲ್ಲೆಲ್ಲಿ ಪಾಯಿಂಟ್ ಸಿಗುತ್ತದೋ ಆ ಸಣ್ಣ ರೇಸ್‌ಗಳಿಗೆಲ್ಲ ಗಟ್ಟಿ ತಂಡ ಕಳಿಸಿದರು. ಒಬ್ಬರು ಗೆದ್ದರೆ ಸಾಲದು, ಇನ್ನಿಬ್ಬರು ಮೊದಲ ಹತ್ತರಲ್ಲಿ ಬರಬೇಕು ಅನ್ನುವ ಹಾಗೆ ಓಡಿಸಿದರು. 2025ರ ಕೊನೆಗೆ ಉಳಿದುಕೊಂಡರು. ಕ್ಯಾಲೆಂಡರ್ ಓದಿ ತಂಡ ಕಟ್ಟಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

"ಹಾಗಾದರೆ ಪೊಗಾಚರ್ ಅಂಥವನು ಬೇಡವಾ?" ಅಂತ ಗೆಳೆಯನೊಬ್ಬ ಮಲ್ಲೇಶ್ವರದಲ್ಲಿ ದೋಸೆ ತಿನ್ನುತ್ತಾ ಕೇಳಿದ. ಬೇಕು, ಯಾರಿಗೆ ಬೇಡ? ಆದರೆ ಪೊಗಾಚರ್ ಇರುವ ತಂಡವನ್ನೇ ನೋಡೋಣ. ಯುಎಇ ತಂಡ 2025ರಲ್ಲಿ 95 ಗೆಲುವು ಪಡೆದು ದಾಖಲೆ ಮಾಡಿತು. ಅದರಲ್ಲಿ ಪೊಗಾಚರ್ ಪಾಲು 20. ಉಳಿದ 75 ಬೇರೆಯವರದು. ಜಗತ್ತಿನ ಅತ್ಯುತ್ತಮ ರೈಡರ್ ಇದ್ದೂ ಆ ತಂಡ ಅವನೊಬ್ಬನ ಮೇಲೆ ನಿಂತಿಲ್ಲ. ನಮ್ಮ ಗುಂಪಿನವರು ಸಂಬಳದ ಬಜೆಟ್‌ನಲ್ಲಿ ಅರ್ಧವನ್ನು ಒಬ್ಬನಿಗೆ ಕೊಟ್ಟು, ಉಳಿದ ಜಾಗಗಳನ್ನು ಕನಿಷ್ಠ ಸಂಬಳದವರಿಂದ ತುಂಬಿಸಿ, ಆಮೇಲೆ ಗೇಮ್ ಸರಿ ಇಲ್ಲ ಅನ್ನುತ್ತಾರೆ.

ಆರ್‌ಸಿಬಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ವರ್ಷ ದೊಡ್ಡ ದೊಡ್ಡ ಹೆಸರುಗಳನ್ನು ನಂಬಿಕೊಂಡು ಕೂತಿದ್ದೆವು! 2025ರ ಸೀಸನ್‌ಗೆ ಉಳಿಸಿಕೊಂಡಿದ್ದು ಮೂರೇ ಜನರನ್ನು. 83 ಕೋಟಿ ಇಟ್ಟುಕೊಂಡು ಹರಾಜಿಗೆ ಹೋದರು, ಹೆಸರಿಗಿಂತ ಜಾಗ ನೋಡಿ ಕೊಂಡರು. ಆ ಹರಾಜಿನ ದಿನ ಬೈದವರೇ ಜಾಸ್ತಿ. ಫೈನಲ್‌ನಲ್ಲಿ ಪಂದ್ಯ ತಿರುಗಿಸಿದ್ದು ಕೃಣಾಲ್ ಪಾಂಡ್ಯ ಬೌಲಿಂಗ್.

ಮತ್ತೆ ಸೈಕಲ್ಲಿಗೆ ಬರೋಣ. ಕ್ಯಾಲೆಂಡರ್‌ನಿಂದ ಶುರು ಮಾಡುವುದು ಅಂದರೆ ನಾನು ಮಾಡುವುದು ಇಷ್ಟು. ಮುಂದಿನ ವರ್ಷದ ರೇಸ್‌ಗಳನ್ನೆಲ್ಲ ಒಂದು ಹಾಳೆಯ ಮೇಲೆ ಇಳಿಸುತ್ತೇನೆ. ಒಂದೇ ವಾರದಲ್ಲಿ ಎರಡು ಕಡೆ ರೇಸ್ ಇರುವ ಜಾಗಗಳಿಗೆ ಗುರುತು ಹಾಕುತ್ತೇನೆ. ದೊಡ್ಡ ಪ್ರವಾಸಕ್ಕೆ 8 ಜನ ಬೇಕು, ಉಳಿದ ಹೆಚ್ಚಿನ ರೇಸ್‌ಗಳಿಗೆ 7. ಒಟ್ಟಿಗೆ ಎರಡು ರೇಸ್ ಬಂದರೆ 15 ಜನ ಆರೋಗ್ಯವಾಗಿ, ಫಾರ್ಮ್‌ನಲ್ಲಿ ಇರಬೇಕು. ಬಿದ್ದವರು, ವಿಶ್ರಾಂತಿಯಲ್ಲಿರುವವರು, ಎತ್ತರದ ಶಿಬಿರದಲ್ಲಿರುವವರು ಬೇರೆ. ಈ ಲೆಕ್ಕ ಹಾಕಿದಾಗಲೇ ತಂಡದ ತೂತುಗಳು ಕಾಣುವುದು. ನನಗೆ ಕಂಡಿದ್ದು ಹೀಗೆ: ಏಪ್ರಿಲ್-ಮೇ ತಿಂಗಳಲ್ಲಿ ಬೆಟ್ಟ ಹತ್ತುವವರು ಸಾಲುತ್ತಿಲ್ಲ. ಕಲ್ಲು ಹಾಸಿನ ರೇಸ್‌ಗಳಿಗೆ ಬೇಕಾದ್ದಕ್ಕಿಂತ ಇಬ್ಬರು ಹೆಚ್ಚಿದ್ದಾರೆ, ಅವರು ವರ್ಷದ ಉಳಿದ ಭಾಗ ಸುಮ್ನೆ ಸಂಬಳ ತಗೊಳ್ಳುತ್ತಿದ್ದಾರೆ. ಆಗಸ್ಟ್‌ನಲ್ಲಿ ಯಾರ ಫಾರ್ಮೂ ತುತ್ತತುದಿಯಲ್ಲಿ ಇಲ್ಲ.

ಇದನ್ನು ಅಕ್ಟೋಬರ್‌ವರೆಗೆ ಎಳೆಯಬಾರದು. ನಿಜ ಜೀವನದಲ್ಲಿ ಆಗಸ್ಟ್ 1ರಿಂದಲೇ ಅಧಿಕೃತ ವರ್ಗಾವಣೆ ಶುರು. ಗೇಮ್‌ನಲ್ಲೂ ಒಳ್ಳೆಯ ಸಹಾಯಕರು ಸೀಸನ್ ಮುಗಿಯುವ ಮೊದಲೇ ಎಲ್ಲೋ ಸಹಿ ಹಾಕಿರುತ್ತಾರೆ. ತಡವಾಗಿ ಹೋದವರಿಗೆ ಉಳಿಯುವುದು ದುಬಾರಿ ತಾರೆಗಳು ಮತ್ತು ಯಾರಿಗೂ ಬೇಡವಾದವರು. ಹಾಗಾಗಿ ಅರ್ಧ ಸೀಸನ್‌ಗೇ ಒಂದು ಪರಿಶೀಲನೆ ಆಗಬೇಕು.

ಎಳೆಯರ ಬಗ್ಗೆಯೂ ಒಂದು ಮಾತು. ಪೊಟೆನ್ಷಿಯಲ್ ಚೆನ್ನಾಗಿದೆ ಅಂತ ಹತ್ತೊಂಬತ್ತು ವರ್ಷದವರನ್ನು ಸಾಲಾಗಿ ಕೂಡಿ ಹಾಕುವವರಿದ್ದಾರೆ. ಅವರಿಗೆ ರೇಸ್ ಸಿಗಬೇಕು, ಜೊತೆಗೆ ಕಲಿಸುವ ಹಿರಿಯರು ಬೇಕು, ಬೆಳೆದ ಮೇಲೆ ಎಲ್ಲರೂ ಒಂದೇ ವರ್ಷ ಸಂಬಳ ಜಾಸ್ತಿ ಕೇಳುತ್ತಾರೆ. ವರ್ಷಕ್ಕೆ ಇಬ್ಬರು ಸಾಕು. ನನ್ನ ತಂಡದಲ್ಲಿ ಗೇಮ್‌ನ ಎಡಿಟರ್‌ನಿಂದ ನಾನೇ ಸೇರಿಸಿದ ಒಬ್ಬ ವಿಜಯಪುರದ ಹುಡುಗನೂ ಇದ್ದಾನೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟೊಂದು ಸೈಕ್ಲಿಸ್ಟ್‌ಗಳು ಬರುತ್ತಾರೆ, ಆದರೆ ಇಂಥ ಗೇಮ್‌ಗಳಲ್ಲಿ ಅವರ ಸುಳಿವೇ ಇರಲ್ಲ. ಅವನಿಗೆ ನಾನು ದೊಡ್ಡ ಅಂಕ ಕೊಟ್ಟಿಲ್ಲ. ಸಮತಟ್ಟಿನಲ್ಲಿ ಗಟ್ಟಿ, ಟೈಮ್ ಟ್ರಯಲ್ ಪರವಾಗಿಲ್ಲ, ಚೇತರಿಕೆ ಚೆನ್ನಾಗಿದೆ. ಬಿಸಿಲಿನ ಉದ್ದ ರಸ್ತೆಯಲ್ಲಿ ಬೆಳೆದವನಿಗೆ ಇರಬಹುದಾದ ಗುಣಗಳು. ಈ ವರ್ಷ ಲೀಡರ್‌ನನ್ನು ಗಾಳಿಯಿಂದ ಕಾಪಾಡುತ್ತಾ ತನ್ನ ಮೊದಲ ದೊಡ್ಡ ಪ್ರವಾಸ ಮುಗಿಸಿದ. ಪಟ್ಟಿಯ ತಳಭಾಗದಲ್ಲಿ ಅವನ ಹೆಸರು ನೋಡಿದಾಗ ನನಗಾದ ಖುಷಿ ಆ ಸ್ಟೇಜ್ ಗೆಲುವಿಗೂ ಆಗಿರಲಿಲ್ಲ.

ಮುಂದಿನ ವರ್ಷಕ್ಕೆ ತೀರ್ಮಾನ ಹೀಗಿದೆ. ಲೀಡರ್ ಉಳಿಯುತ್ತಾನೆ. ಕಲ್ಲು ಹಾಸಿನ ಇಬ್ಬರನ್ನು ಬಿಡುತ್ತೇನೆ, ಆ ಸಂಬಳದಲ್ಲಿ ಬೆಟ್ಟದ ಮಧ್ಯಮ ದರ್ಜೆಯ ಮೂವರು ಬರುತ್ತಾರೆ. ಒಬ್ಬರೂ ದೊಡ್ಡ ಹೆಸರಲ್ಲ, ಆದರೆ ಮೂವರ ಚೇತರಿಕೆ ಅಂಕವೂ ಚೆನ್ನಾಗಿದೆ, ಮೂರನೇ ವಾರಕ್ಕೆ ಬೇಕಾಗಿರುವುದು ಅದೇ. ಮೂವತ್ಮೂರು ದಾಟಿದ ನಮ್ಮ ರೋಡ್ ಕ್ಯಾಪ್ಟನ್‌ಗೆ (ರೇಸಿನೊಳಗೆ ತಂಡವನ್ನು ನಡೆಸುವ ಹಿರಿಯ) ಇನ್ನೊಂದು ವರ್ಷದ ಒಪ್ಪಂದ. ಅಂಕ ಇಳಿಯುತ್ತಿದೆ ಅಂತ ಗೊತ್ತು, ಆದರೂ ಸಣ್ಣ ರೇಸ್‌ಗಳ ಹೊರೆ ಹೊರುವುದಕ್ಕೆ ಅವನು ಬೇಕು. ಅವನು ಅಲ್ಲಿ ಓಡಿಸಿದರೆ ಬೆಟ್ಟದ ಹುಡುಗರು ಇಲ್ಲಿ ವಿಶ್ರಾಂತಿಯಲ್ಲಿರುತ್ತಾರೆ.

ಸ್ಪ್ರಿಂಟರ್ ವಿಚಾರ ಮಾತ್ರ ಇನ್ನೂ ಬಗೆಹರಿದಿಲ್ಲ. ಅವನ ಸ್ಪ್ರಿಂಟ್ ಅಂಕ ಚೆನ್ನಾಗಿದೆ, ಗೆಲುವು ಕಡಿಮೆ. ಕೊನೆಯ ಕಿಲೋಮೀಟರ್‌ನಲ್ಲಿ ಅವನನ್ನು ಹಿಂದಿಟ್ಟುಕೊಂಡು ವೇಗವಾಗಿ ಎಳೆದು ಸ್ಪ್ರಿಂಟ್‌ಗೆ ಬಿಡಬೇಕಾದ ಲೀಡ್‌ಔಟ್ ರೈಡರ್ ಅರ್ಧ ಸೀಸನ್ ಬೇರೆ ರೇಸ್‌ಗಳಲ್ಲಿದ್ದ. ಈಗ ಇಬ್ಬರಿಗೂ ಒಂದೇ ಕ್ಯಾಲೆಂಡರ್ ಹಾಕಬೇಕಾ, ಅಥವಾ ಸ್ಪ್ರಿಂಟ್ ಅನ್ನೇ ಬಿಟ್ಟು ಆ ದುಡ್ಡನ್ನು ದಿಣ್ಣೆಯ ರೇಸ್‌ಗಳಿಗೆ ಹಾಕಬೇಕಾ? ಇಬ್ಬರನ್ನೂ ಒಟ್ಟಿಗೆ ಓಡಿಸಿದರೆ ಮಾರ್ಚ್‌ನಲ್ಲಿ ಸಮತಟ್ಟಿನ ಇನ್ನೊಬ್ಬ ಬೇಕಾಗುತ್ತಾನೆ. ಆ ಜಾಗಕ್ಕೆ ವಿಜಯಪುರದ ಹುಡುಗನನ್ನು ಹಾಕಿದರೆ ಮೇ ತಿಂಗಳಿಗೆ ಅವನು ದಣಿಯುತ್ತಾನೆ. ಇದೇ ಗೇಮ್ ಆಡುವವರು ನಿಮ್ಮ ಲೀಡ್‌ಔಟ್ ರೈಡರ್‌ಗೆ ವರ್ಷಕ್ಕೆ ಎಷ್ಟು ರೇಸ್ ದಿನ ಕೊಡುತ್ತೀರಿ ಅಂತ ಕೆಳಗೆ ಬರೆಯಿರಿ. ಸಹಿ ಹಾಕುವ ಮೊದಲು ನನಗೆ ಆ ಲೆಕ್ಕ ಬೇಕು.