ಹೂವಿಗೆ ಲೈಕು, ಘಾಂಘರಿಯಾಕ್ಕೆ ಬೈಗುಳ

ನಿನ್ನೆ ನಮ್ಮ ಟ್ರೆಕ್ಕಿಂಗ್ ಗೆಳೆಯರೆಲ್ಲ ಸೇರಿದ್ದೆವು. ಉತ್ತರಾಖಂಡದ ಹೂವಿನ ಕಣಿವೆಗೆ ಹೋಗಿ ಬಂದವರು ಫೋಟೊ ತೋರಿಸಿದರು. ನೀಲಿ ಪಾಪಿ ಹೂವು, ಮಂಜು, ಎಲ್ಲ ಚೆಂದ. ಕೊನೆಗೆ, ಕಣಿವೆಗೆ ಹೋಗುವವರು ತಂಗುವ ಊರಾದ ಘಾಂಘರಿಯಾದ ಬೀದಿ ಬಂತು. "ಗಲೀಜು ಊರು ಮಾರಾಯ್ರೆ, ಬಿಸಿನೀರಿಗೂ ದುಡ್ಡು ಕೇಳ್ತಾರೆ" ಅಂತ ನಕ್ಕರು. ನನಗೆ ಮೈ ಉರಿದುಹೋಯಿತು.

ಆ ಊರಿಗೆ ರಸ್ತೆಯೇ ಇಲ್ಲ. ಗೋವಿಂದಘಾಟ್‌ನಿಂದ ಪುಲ್ನಾದವರೆಗೆ ಜೀಪು, ಆಮೇಲೆ ಸುಮಾರು 10 ಕಿಲೋಮೀಟರ್ ಏರುದಾರಿ. ಊರಿರುವುದು 3,000 ಮೀಟರ್‌ಗಿಂತ ಎತ್ತರದಲ್ಲಿ. ಅಕ್ಕಿಯಿಂದ ಹಿಡಿದು ಕಂಬಳಿಯವರೆಗೆ ಹೆಚ್ಚಿನದೆಲ್ಲ ಹೇಸರಗತ್ತೆಯ ಇಲ್ಲವೇ ಹೊರುವ ಆಳಿನ ಬೆನ್ನ ಮೇಲೇ ಬರಬೇಕು. ಎರಡೂ ಪಕ್ಕಕ್ಕೆ ಗ್ಯಾಸ್ ಸಿಲಿಂಡರ್ ಕಟ್ಟಿಸಿಕೊಂಡ ಹೇಸರಗತ್ತೆಯೊಂದು ಮಳೆಯಲ್ಲಿ ಕಲ್ಲುದಾರಿ ಹತ್ತುವುದನ್ನು ನಿಂತು ನೋಡಿದ್ದೇನೆ. ಗೊರಸು ಜಾರಿದಾಗಲೆಲ್ಲ ಸಿಲಿಂಡರ್ ಪಕ್ಕೆಗೆ ಬಡಿಯುತ್ತಿತ್ತು. ಪ್ಲಾಸ್ಟಿಕ್ ಹಾಳೆ ಹೊದ್ದ ಹುಡುಗ ಹಗ್ಗದ ಕೆಳಗೆ ಬೆರಳು ತೂರಿಸಿ, ಬಿಗಿ ಸರಿಯಿದೆಯಾ ಅಂತ ನೋಡುತ್ತಿದ್ದ. ಆ ಗ್ಯಾಸಿನಲ್ಲಿ ಕಾಯಿಸಿದ ನೀರು ಪುಕ್ಕಟೆ ಬೇಕಾ?

ಕಣಿವೆಯೊಳಗೆ ರಾತ್ರಿ ಉಳಿಯುವ ಹಾಗಿಲ್ಲ. ಅಲ್ಲೇ ಮೇಲಿರುವ ಸಿಖ್ಖರ ಯಾತ್ರಾಸ್ಥಳ ಹೇಮಕುಂಡ ಸಾಹಿಬ್‌ನಲ್ಲೂ ಅಷ್ಟೇ. ಹೂವು ನೋಡುವವರು, ದರ್ಶನಕ್ಕೆ ಬಂದವರು, ಎಲ್ಲರೂ ಸಂಜೆ ಈ ಒಂದೇ ಬೀದಿಗೆ ಇಳಿಯುತ್ತಾರೆ. ಕಣಿವೆ ಅಷ್ಟು ಚೊಕ್ಕಟವಾಗಿರುವುದು ಯಾಕೆ? ನಮ್ಮ ಊಟ, ನಿದ್ದೆ, ಕೊಳೆ ಎಲ್ಲವನ್ನೂ ಈ ಊರು ಹೊತ್ತುಕೊಂಡಿದೆ, ಅದಕ್ಕೆ. ಲದ್ದಿ ಗುಡಿಸುವುದು, ನಾವು ಎಸೆದ ಬಾಟಲಿ ಹೆಕ್ಕುವುದು ಇದೇ ದಾರಿಯಲ್ಲಿ ಸಿಗುವ ಭ್ಯುಂಡಾರ್‌ನ ಹಳ್ಳಿಯವರದೇ ಸಮಿತಿ.

ಹೂವಿನ ಕಣಿವೆಯ ಹುಲ್ಲುಗಾವಲಿನಲ್ಲಿ ಮೊದಲು ಇವರ ಕುರಿಗಳು ಮೇಯುತ್ತಿದ್ದವು. 1982ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನ ಆಯಿತು, ಕುರಿ ಮೇಯಿಸುವುದು ನಿಂತಿತು. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಇವರಿಗೆ ಸಿಕ್ಕಿದ್ದು ಜೂನ್‌ನಿಂದ ಅಕ್ಟೋಬರ್‌ವರೆಗಿನ ದುಡಿಮೆ. ಚಳಿಗಾಲದಲ್ಲಿ ಹಿಮ ಬಿದ್ದು ಊರೇ ಖಾಲಿ. 2013ರ ಜೂನ್ ಪ್ರವಾಹ ದಾರಿ, ಸೇತುವೆಗಳನ್ನು ಕೊಚ್ಚಿಕೊಂಡು ಹೋದಾಗ ಆ ದುಡಿಮೆಗೂ ಕಲ್ಲು ಬಿತ್ತು.

"ದುಡ್ಡು ಕೊಟ್ಟ ಮೇಲೆ ಒಳ್ಳೆ ರೂಮು ಕೇಳೋದು ತಪ್ಪಾ?" ಅಂದರು ಒಬ್ಬರು. ತಪ್ಪಲ್ಲ. ಹಾಸಿಗೆ ಒದ್ದೆಯಿದ್ದರೆ ಬದಲಿಸಿ ಅನ್ನಿ, ಬದಲಿಸುತ್ತಾರೆ. ದುಡ್ಡೇ ಇಲ್ಲದವರಿಗೂ ಅಲ್ಲಿನ ಗುರುದ್ವಾರದಲ್ಲಿ ಊಟ, ಕಂಬಳಿ ಸಿಗುತ್ತದೆ. ಆದರೆ ಬೆಂಗಳೂರಿನ ಹೋಟೆಲಿನ ರೇಟು ಹಿಡಿದುಕೊಂಡು ಅಲ್ಲಿ ಜಗಳಕ್ಕೆ ನಿಲ್ಲುವುದು ನನಗೆ ಸಹಿಸಲು ಆಗುವುದಿಲ್ಲ.

ನಮ್ಮಪ್ಪ ಕೊಟ್ಟಿಗೆಹಾರದಲ್ಲಿ ಹೋಟೆಲ್ ಇಟ್ಟಿದ್ದವರು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಅಮ್ಮನ ಕಣ್ಣು ಕೆಂಡದಂತಾಗುತ್ತಿತ್ತು. "ಟೀ ತಣ್ಣಗಿದೆ" ಅಂತ ಲೋಟ ಕುಕ್ಕಿ ಹೋದವರ ಮುಖ ನನಗೆ ಇನ್ನೂ ನೆನಪಿದೆ. ಅದಕ್ಕೇ ಇಷ್ಟು ಸಿಟ್ಟು.

ಈ ಸಲ ಹೊರಟವರು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಆ ದಿನ ಎಲ್ಲೂ ಹತ್ತಬೇಡಿ. ಸುಮ್ನೆ ಆ ಬೀದಿಯಲ್ಲಿ ಕೂತು ಜನರ ಜೊತೆ ಮಾತಾಡಿ. ನಿಮ್ಮ ಬಾಟಲಿ, ಕವರು ನೀವೇ ಕೆಳಗೆ ತನ್ನಿ. ಬಿಸಿನೀರಿಗೆ ಕೇಳಿದಷ್ಟು ಕೊಡಿ, ಚೌಕಾಸಿ ಬೇಡ.